ಕಡಲಂಚಿನ ಗಾಳಿ ಮರ, ಕಾಫಿ ತೋಟದ ಸಿಲ್ವರ್ ಮರ

ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಕಡಲು ನೋಡಲು ಹೋಗುವ ಕೊಡಗಿನವರು ದಡ ತಲುಪಿದೊಡನೆ ಹುಡುಕುವುದು ನೀರನ್ನಲ್ಲ, ನೆರಳನ್ನು. ಕಾಫಿ ತೋಟದ ತಂಪಿಗೆ ಒಗ್ಗಿದ ಮೈ ನಡುಹಗಲಿನ ಮರಳಿನ ಕಾವನ್ನು ತಾಳದು. ಹೀಗಾಗಿ ಬುತ್ತಿ ಬಿಚ್ಚುವುದು, ಹಿರಿಯರು ಕಾಲು ಚಾಚುವುದು, ಮಕ್ಕಳ ಒದ್ದೆ ಬಟ್ಟೆ ಹರವುವುದು ಎಲ್ಲವೂ ಗಾಳಿ ಮರದ (ಕ್ಯಾಸುರಿನಾ) ತೋಪಿನಲ್ಲಿ. ನೆಟ್ಟಗಿನ ಕಾಂಡ, ಸೂಜಿಯಂಥ ಎಲೆ, ನೆಲದ ತುಂಬ ಉದುರಿದ ಗುಂಡುಗುಂಡಾದ ಕಾಯಿ ಕಂಡು, ಊಟಿಗೆ ಹೋಗಿ ಬಂದವರು ಇದೂ ಪೈನ್ ಕಾಡೇ ಎಂದುಕೊಳ್ಳುತ್ತಾರೆ.

ಆದರೆ ಪೈನ್ ಮರಕ್ಕೂ ಇದಕ್ಕೂ ನೆಂಟಸ್ತಿಕೆ ಬಹಳ ದೂರದ್ದು. ಗಾಳಿ ಮರ ಹೂ ಬಿಡುವ ಸಸ್ಯ. ನಾವು ಸೂಜಿ ಎಂದು ತಿಳಿಯುವುದು ಅದರ ಎಲೆಯಲ್ಲ, ಗಿಣ್ಣುಗಿಣ್ಣಾಗಿ ಕಳಚುವ ಹಸಿರು ಕಡ್ಡಿ. ನಿಜವಾದ ಎಲೆಗಳು ಪ್ರತಿ ಗಿಣ್ಣಿನ ಸುತ್ತ ಕೂತ ಸಣ್ಣ ಚಿಪ್ಪುಗಳು. ಕಣ್ಣಿನ ಹತ್ತಿರ ಹಿಡಿದರಷ್ಟೇ ಕಂಡಾವು. ಎಲೆ ಇಷ್ಟು ಕುಗ್ಗಿರುವುದರಿಂದ ಉಪ್ಪುಗಾಳಿಯಲ್ಲೂ ಮರ ಒಣಗುವುದಿಲ್ಲ. ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಗೊಬ್ಬರವೇ ಇಲ್ಲದ ಬರಿ ಮರಳಿನಲ್ಲಿ ಇಷ್ಟೆತ್ತರ ಬೆಳೆಯುವ ಗುಟ್ಟು ಇದು.

ಈ ತೋಪುಗಳು ಕರಾವಳಿಯಲ್ಲಿ ಮೊದಲಿನಿಂದಲೂ ಇದ್ದವಲ್ಲ. ಗಾಳಿ ಮರದ ಸಹಜ ನೆಲೆ ಆಗ್ನೇಯ ಏಷ್ಯಾ, ಉತ್ತರ ಆಸ್ಟ್ರೇಲಿಯಾ, ಶಾಂತಸಾಗರದ ದ್ವೀಪಗಳು. ನಮ್ಮ ದೇಶದ ಮಟ್ಟಿಗೆ ಅಂಡಮಾನ್. ಪಶ್ಚಿಮ ಕರಾವಳಿಗೆ ಅದನ್ನು ತಂದು ನೆಟ್ಟವರು ಬ್ರಿಟಿಷರು. ಉತ್ತರ ಕನ್ನಡ 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರವನ್ನು ದೊಡ್ಡ ಬಂದರು ಮಾಡುವ ಉಮೇದು ಆಗ ಜೋರಾಗಿತ್ತು. 1868ರಲ್ಲಿ ಅಲ್ಲಿನ ಮರಳಿನಲ್ಲಿ ಗಾಳಿ ಮರದ ನೆಡುತೋಪು ಆರಂಭವಾಯಿತು. ಕಡಲ ಅಲೆ ತಡೆಯುವ ಯೋಚನೆ ಯಾರಿಗೂ ಇರಲಿಲ್ಲ, ಬೇಕಾಗಿದ್ದದ್ದು ಉರುವಲು. ಪೂರ್ವ ಕರಾವಳಿಯಲ್ಲೂ ಅದೇ ಕಥೆ. ಕಲ್ಲಿದ್ದಲು ಹಡಗಿನಲ್ಲಿ ಬರಬೇಕಾಗಿದ್ದ ಕಾಲದಲ್ಲಿ ಮದರಾಸಿನ ರೈಲು ಎಂಜಿನ್ನುಗಳ ಒಲೆಗೆ ಕಟ್ಟಿಗೆ ಬೇಕಿತ್ತು. ಹಸಿಯಾಗಿದ್ದರೂ ಹೊತ್ತಿ ಉರಿಯುವ, ಹೆಚ್ಚು ಶಾಖ ಕೊಡುವ, ಕೆಲವೇ ವರ್ಷಗಳಲ್ಲಿ ಕಡಿಯಲು ಬರುವ ಮರ ಬೇರೆ ಯಾವುದಿತ್ತು?

ಮರೆವು ಮಾತ್ರ ಬೇಗ ಬಂದಿತು. 1880ರ ದಶಕದ ಆರಂಭದಲ್ಲಿ ತರುಣ ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಅಲ್ಲಿನ ಅರ್ಧಚಂದ್ರಾಕಾರದ ಕಡಲತೀರವನ್ನೂ ಅದರಂಚಿನ ಗಾಳಿ ಮರಗಳ ಕಾಡನ್ನೂ ಅವರು ಮುಂದೆ ನೆನೆದು ಬರೆದರು. ಸೌದೆಗೆಂದು ನೆಟ್ಟ ತೋಪು ಹದಿನೈದು ವರ್ಷ ತುಂಬುವುದರೊಳಗೆ ಕವಿಯ ಕಣ್ಣಿಗೆ ಕಾಡಾಗಿತ್ತು. ಇಂದಿಗೂ ನಮಗೆ ಅದು ಕಾಡೇ. ಒಂದೇ ಜಾತಿ, ಸಾಲು ಹಿಡಿದು ನೆಟ್ಟದ್ದು, ಕೆಳಗೆ ಒಂದು ಹುಲ್ಲೂ ಸರಿಯಾಗಿ ಹುಟ್ಟದ ಜಾಗ. ಆದರೂ ಕಾಡು ಎನ್ನುತ್ತೇವೆ.

ನಮ್ಮ ಕೊಡಗಿನಲ್ಲೂ ಇಂಥದ್ದೇ ಒಂದು ಮರವಿದೆ. ಸಿಲ್ವರ್ ಓಕ್, ನಮ್ಮ ಮಾತಿನಲ್ಲಿ ಸಿಲ್ವರ್ ಮರ, ಪೂರ್ವ ಆಸ್ಟ್ರೇಲಿಯಾದ್ದು. ಚಹಾ, ಕಾಫಿ ತೋಟಗಳ ನೆರಳಿಗೆಂದು ಬ್ರಿಟಿಷರ ಕಾಲದಲ್ಲೇ ಬಂದಿತು. ಕೊಡಗಿನ ಹಳೆಯ ತೋಟಗಳ ನೆರಳು ಬೇರೆ ಇತ್ತು: ಬೀಟೆ, ಹೊನ್ನೆ, ನಂದಿ, ಹಲಸು, ಅತ್ತಿ, ನಡುವೆ ಹಾಲುವಾಣ. ಈಗ ಎಷ್ಟೋ ತೋಟಗಳಲ್ಲಿ ಸಿಲ್ವರ್ ಸಾಲುಗಳೇ ಎದ್ದು ಕಾಣುತ್ತವೆ. ನೆಟ್ಟಗೆ ಏರುತ್ತದೆ, ಕರಿಮೆಣಸಿನ ಬಳ್ಳಿಯನ್ನು ಹೊರುತ್ತದೆ, ಕೊನೆಗೆ ಪ್ಲೈವುಡ್‌ಗೆ ಮಾರಾಟವಾಗುತ್ತದೆ. ಇವೆಲ್ಲ ನಿಜವೇ. ಆದರೆ ಬೆಳೆಗಾರರು ಮೊದಲು ಹೇಳುವ ಕಾರಣ ಬೇರೆ: ಕಡಿಯಲು ಯಾರನ್ನೂ ಕೇಳಬೇಕಿಲ್ಲ.

ಅದರ ಮೂಲ ಕಾನೂನಿನಲ್ಲಿದೆ. ಕೊಡಗಿನಲ್ಲಿ ಮರದ ಹಕ್ಕಿನ ಜಗಳ ಬ್ರಿಟಿಷರ ಕಾಲದ್ದು. ಗದ್ದೆಗೆ ಸೇರಿಕೊಂಡಂತೆ ಬಿಟ್ಟ ಮರಗಾಡಿನ ಬಾಣೆ ಜಮೀನು ನಮ್ಮದೇ ಆದರೂ, ಅನ್‌ರಿಡೀಮ್ಡ್, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿಲ್ಲ ಎಂದು ದಾಖಲಾದ ಕಡೆ ಮರದ ಬೆಲೆಯಲ್ಲಿ ಸರ್ಕಾರಕ್ಕೆ ಪಾಲಿದೆ. ತಾತ ಬಿಟ್ಟ ಬೀಟೆಯೊಂದನ್ನು ಕಡಿಯಬೇಕಾದರೆ ಅರ್ಜಿ, ಸ್ಥಳ ಪರಿಶೀಲನೆ, ಕಚೇರಿಯಿಂದ ಕಚೇರಿಗೆ ಅಲೆದಾಟ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕು ಎಂದಿತು; ಜೊತೆಗೆ ಕೆಲವು ಜಾತಿಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. ಆ ಪಟ್ಟಿಯಲ್ಲಿ ತೆಂಗು, ರಬ್ಬರ್, ನೀಲಗಿರಿ, ಸುಬಾಬುಲ್ ಜೊತೆ ಸಿಲ್ವರ್ ಓಕ್ ಇದೆ. ಗಾಳಿ ಮರವೂ ಇದೆ. ಸ್ಥಳೀಯ ಮರವನ್ನು ಉಳಿಸಲು ಮಾಡಿದ ಕಾಯ್ದೆ, ಹೊಸದಾಗಿ ನೆಡುವವನಿಗೆ ಪರದೇಶದ ಸಸಿಯೇ ಲೇಸು ಎಂಬ ಪಾಠ ಹೇಳಿತು. ಬೀಟೆ ಸಸಿಯನ್ನು ತಾನಾಗಿ ಹುಟ್ಟಿದಾಗಲೇ ಕಿತ್ತೆಸೆಯುವ ಬೆಳೆಗಾರನನ್ನು ಬೈಯುವುದು ಸುಲಭ; ಅವನ ಲೆಕ್ಕದಲ್ಲಿ ಮಾತ್ರ ತಪ್ಪಿಲ್ಲ.

ಕಡಲ ಕಡೆಯಲ್ಲೂ ಸರ್ಕಾರದ ಸಾಮಾಜಿಕ ಅರಣ್ಯ ಯೋಜನೆಗಳು ಗಾಳಿ ಮರವನ್ನೇ ಹಿಡಿದುಕೊಂಡವು. ಸೌದೆ, ಚಪ್ಪರದ ಗಳು, ಕಾಗದದ ತಿರುಳು ಎಂದು ಉಪಯೋಗಗಳು ಬೆಳೆದವು.

2004ರ ಡಿಸೆಂಬರ್ 26ರ ಸುನಾಮಿಯ ನಂತರ ಈ ಮರಕ್ಕೆ ಇನ್ನೊಂದು ಕೆಲಸ ಅಂಟಿಕೊಂಡಿತು: ಕಡಲಿಗೆ ಹಸಿರು ಗೋಡೆಯಾಗುವುದು. ತಮಿಳುನಾಡಿನ ತೀರದಲ್ಲಿ ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಗಾಳಿಯ ವಿಷಯದಲ್ಲಿ ಅದು ಹುಸಿಯಲ್ಲ. ಹಾರುವ ಮರಳನ್ನೂ ಉಪ್ಪಿನ ಹನಿಯನ್ನೂ ತೋಪು ತಡೆಯುತ್ತದೆ. ತೋಪಿನ ಹಿಂಬದಿಯ ತೆಂಗು, ತರಕಾರಿ ಗದ್ದೆಗಳಿಗೆ ಇದು ದೊಡ್ಡ ಉಪಕಾರ. ಅಲೆಯ ಮಾತು ಬೇರೆ. ದಡ ಕೊರೆಯುವ ನೀರು ಬುಡದ ಮರಳನ್ನೇ ಎಳೆದೊಯ್ದರೆ ಮರ ಬೇರುಸಹಿತ ಉರುಳುತ್ತದೆ. ಮಳೆಗಾಲದ ಕೊನೆಗೆ ಕರಾವಳಿಯ ಯಾವ ತೋಪಿಗೆ ಹೋದರೂ ಮೊದಲ ಸಾಲಿನಲ್ಲಿ ಇಂಥ ಮರಗಳು ಕಾಣಸಿಗುತ್ತವೆ.

ಮರಳು ದಿಬ್ಬವನ್ನು ನಿಜವಾಗಿ ಕಟ್ಟುವುದು ನೆಲಕ್ಕಂಟಿ ಹರಿಯುವ ನೇರಳೆ ಹೂವಿನ ಬಳ್ಳಿ, ಚೂಪು ತುದಿಯ ಹುಲ್ಲು. ಅಲೆಯ ಹತ್ತಿರದವರೆಗೆ ಗಾಳಿ ಮರ ನೆಟ್ಟರೆ ಅದರ ಕಡ್ಡಿಗಳ ದಪ್ಪ ಹಾಸಿನಡಿ ಇವು ಸಾಯುತ್ತವೆ. ಮೊಟ್ಟೆಯಿಡಲು ಬರುವ ಕಡಲಾಮೆಗೂ ತೊಂದರೆ: ತೆರೆದ ಮರಳು ಸಿಗುವುದಿಲ್ಲ, ಬೇರು ಅಡ್ಡ ಬರುತ್ತದೆ. ಮರಿ ಹೆಣ್ಣೋ ಗಂಡೋ ಎಂಬುದು ಗೂಡಿನ ಮರಳಿನ ಬಿಸಿಯನ್ನು ಅವಲಂಬಿಸಿದೆ. ಮರಳು ಬಿಸಿಯಾದಷ್ಟೂ ಹೆಣ್ಣು ಮರಿಗಳು ಹೆಚ್ಚು. ಸದಾ ನೆರಳು ಬೀಳುವ ದಡದಲ್ಲಿ ಆ ಲೆಕ್ಕವೂ ಬದಲಾಗುತ್ತದೆ. ಇರುವ ಹಳೆಯ ತೋಪುಗಳನ್ನು ಕಡಿಯಬೇಕು ಎಂದು ನಾನು ಹೇಳಲಾರೆ. ದಿಬ್ಬದ ಹಿಂದೆ ಅವು ಇರಲಿ, ದಿಬ್ಬದ ಮುಂದೆ ಹೊಸದಾಗಿ ನೆಡುವುದು ಬೇಡ. ದಿಬ್ಬದ ಹಿಂದೆ ನೆಡುವಾಗಲೂ ಸುರಹೊನ್ನೆ, ಕೇದಿಗೆಯಂಥ ತೀರದ ಗಿಡಗಳಿಗೆ ಜಾಗ ಸಿಗಲಿ. ಸುರಹೊನ್ನೆ ನಿಧಾನವಾಗಿ ಬೆಳೆಯುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ನಮ್ಮಲ್ಲಿ ಬೀಟೆಯ ವಿರುದ್ಧ ಕೇಳಿಬರುವುದೂ ಅದೇ.

ಆ ಮರಳಾದರೂ ಎಲ್ಲಿಯದು? ಕುಮಾರಧಾರೆ ಪುಷ್ಪಗಿರಿಯ ಮಗ್ಗುಲಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ಪಯಸ್ವಿನಿ ಕೊಡಗಿನ ಘಟ್ಟದಿಂದ ಸುಳ್ಯದ ಮೂಲಕ ಕಾಸರಗೋಡಿಗೆ ಇಳಿದು ಚಂದ್ರಗಿರಿಯಾಗುತ್ತದೆ. ಈ ಹೊಳೆಗಳು ಒಯ್ದು ಸುರಿಯುವ ಮರಳಿನಿಂದಲೇ ಅಲ್ಲಿನ ದಡಗಳು ಪ್ರತಿ ವರ್ಷ ತುಂಬಿಕೊಳ್ಳಬೇಕು. ದಾರಿಯಲ್ಲೇ ಮರಳು ಲಾರಿ ಹತ್ತಿದರೆ, ಅಣೆಕಟ್ಟಿನ ಹಿಂದೆ ನಿಂತರೆ, ಮಳೆಗಾಲದಲ್ಲಿ ಕಡಲು ಎಳೆದುಕೊಂಡದ್ದು ಬೇಸಿಗೆಯಲ್ಲಿ ಪೂರ್ತಿ ಮರಳಿ ಬರುವುದಿಲ್ಲ. ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ ಕೊರೆತ ತಡೆಯಲು ವರ್ಷಗಳಿಂದ ಕಲ್ಲು ಸುರಿದು ಗೋಡೆ ಕಟ್ಟುತ್ತಿದ್ದಾರೆ. ಗೋಡೆ ಮುಗಿದ ಕಡೆಯಿಂದ ಕೊರೆತ ಪಕ್ಕದ ದಡಕ್ಕೆ ಸರಿಯುತ್ತದೆ.