ನಾಟಕದ ಹುಚ್ಚೂ ಇದೆ, ಸಾಲದ ಕಂತೂ ಇದೆ. ಕೆಲಸ ಬಿಡಲಾ?

ಪ್ರಶ್ನೆ: ನನಗೆ 26 ವರ್ಷ. ಬೆಂಗಳೂರಿನ ಕಂಪನಿಯೊಂದರಲ್ಲಿ ಸಪೋರ್ಟ್ ಕೆಲಸ, ರಾತ್ರಿ ಪಾಳಿ. ಕೈಗೆ ಬರೋದು 48,000. ಓದಿನ ಸಾಲದ ಕಂತು 11,000, ಇನ್ನೂ 20 ಕಂತು ಬಾಕಿ. ಬಾಡಿಗೆ 9,000, ಊರಿಗೆ 8,000, ನನ್ನ ಖರ್ಚು 12,000. ಕಾಲೇಜಿನಿಂದಲೂ ನಾಟಕದ ಹುಚ್ಚು. ಈಗ ರಿಹರ್ಸಲ್‌ಗೂ ಹೋಗಲಾಗುತ್ತಿಲ್ಲ. ಕೆಲಸ ಬಿಟ್ಟು ಪೂರ್ತಿ ರಂಗಭೂಮಿಗೆ ಹೋಗಲಾ? ಅಮ್ಮ ಬೇಡ ಅಂತಾರೆ.

ಸದ್ಯಕ್ಕೆ ಕೆಲಸ ಬಿಡಬೇಡಿ. ಪಾಳಿ ಬಿಡಿ, ಅದೂ ಬೇಗ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಲಸ ಕೆಟ್ಟದ್ದು ಅಂತ ಎಲ್ಲೂ ಬರೆದಿಲ್ಲ, ರಿಹರ್ಸಲ್‌ಗೆ ಹೋಗಲಾಗುತ್ತಿಲ್ಲ ಅಂತ ಬರೆದಿದ್ದೀರಿ. ಊರೆಲ್ಲ ಸಂಜೆ ಆರೂವರೆಗೆ ರಿಹರ್ಸಲ್ ಶುರು ಮಾಡೋ ಹೊತ್ತಿಗೆ ನೀವು ಕ್ಯಾಬ್‌ನಲ್ಲಿ ಆಫೀಸಿನ ಕಡೆ ಹೊರಟಿರುತ್ತೀರಿ. ಹಗಲು ಪಾಳಿಯ ಕೆಲಸ ಹುಡುಕಿ. ರಾತ್ರಿ ಭತ್ಯೆ ಹೋಗುತ್ತೆ, ನಾಲ್ಕೈದು ಸಾವಿರ ಕಡಿಮೆಯಾದರೂ ಆಗಬಹುದು, ಆಗಲಿ. ಆಫೀಸಿನಿಂದ ರಿಹರ್ಸಲ್ ಜಾಗಕ್ಕೆ ಎಷ್ಟು ದೂರ ಅಂತಲೂ ನೋಡಿಕೊಳ್ಳಿ. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಜೆ.ಪಿ. ನಗರದಲ್ಲಿ ರಿಹರ್ಸಲ್ ಅಂದರೆ ನಿಮ್ಮ ಶತ್ರು ಬಾಸ್ ಅಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನು.

ಬೆಂಗಳೂರಿನ ಹವ್ಯಾಸಿ ರಂಗಭೂಮಿ ಬೆಳೆದದ್ದೇ ಹೀಗೆ. ಬ್ಯಾಂಕು, ಎಲ್‌ಐಸಿ, ಸರ್ಕಾರಿ ಆಫೀಸು, ಕಾರ್ಖಾನೆಗಳಲ್ಲಿ ಹಗಲೆಲ್ಲ ದುಡಿದು, ಸಂಜೆ ಒಂದು ಕಾಫಿ ಕುಡಿದು, ಬಣ್ಣ ಹಚ್ಚಲು ರವೀಂದ್ರ ಕಲಾಕ್ಷೇತ್ರದ ಕಡೆ ನಡೆದವರು ಎಷ್ಟು ಜನ! ಅವರಲ್ಲಿ ಯಾರೂ ಅರೆಮನಸ್ಸಿನ ಕಲಾವಿದರಾಗಿರಲಿಲ್ಲ.

ಕೆಲಸ ಬಿಟ್ಟು ಹೊರಟವರ ಕತೆಗಳನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಯಲ್ಲಿದ್ದರು. ಅವರ ‘ತುಘಲಕ್’ ನಾಟಕ 1964ರದ್ದು, ಅಂದರೆ ತಿಂಗಳ ಸಂಬಳ ಬರುತ್ತಿದ್ದಾಗಿನದು. ಅವರು ಕೆಲಸ ಬಿಟ್ಟಿದ್ದು 1970ರಲ್ಲಿ. ಅದೇ ವರ್ಷ ಅವರಿಗೆ ಹೋಮಿ ಭಾಭಾ ಫೆಲೋಶಿಪ್, ಅಂದರೆ ಧನಸಹಾಯ, ಶುರುವಾಯಿತು. ‘ಧೈರ್ಯ ಮಾಡಿ ಬಿಟ್ಟರು’ ಅಂತ ಕತೆ ಹೇಳುವವರು ಈ ಫೆಲೋಶಿಪ್ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು. ನಾಟಕದಿಂದ ಏನೂ ಬರದ ವರ್ಷವೂ ತೋಟದಲ್ಲಿ ಅಡಿಕೆ ಗೊನೆ ಬಿಡುತ್ತೆ, ಅಲ್ವಾ? ಕಾದಂಬರಿಕಾರ ಯಶವಂತ ಚಿತ್ತಾಲರಂತೂ ಮುಂಬೈಯಲ್ಲಿ ಬೇಕಲೈಟ್ ಹೈಲಮ್ ಕಂಪನಿಯ ಕೆಲಸದಲ್ಲೇ ಉಳಿದರು. ಆ ಕಾರ್ಪೊರೇಟ್ ಲೋಕವೇ ಅವರಿಗೆ ಕಾದಂಬರಿ ಕೊಟ್ಟಿತು. ನಿಮ್ಮ ರಾತ್ರಿ ಪಾಳಿಯಲ್ಲೂ ಒಂದು ನಾಟಕ ಇರಬಹುದು, ಗಮನಿಸಿ.

ಇನ್ನು ದುಡ್ಡಿನ ಮಾತು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದರೆ ‘ಆರು ತಿಂಗಳ ಖರ್ಚು ಉಳಿಸಿಕೊಂಡು ಬಿಡು’ ಅಂತ ಎಲ್ಲರೂ ಸುಮ್ನೆ ಹೇಳಿಬಿಡುತ್ತಾರೆ, ನಿಮ್ಮ ಲೆಕ್ಕ ಹಾಕಿ ನೋಡಿರೋದಿಲ್ಲ. ನಿಮ್ಮ ತಿಂಗಳ ಖರ್ಚು 40,000, ಉಳಿಯೋದು 8,000. ರಂಗಭೂಮಿಯಲ್ಲಿ ಕಾಲೂರಲು ಕನಿಷ್ಠ ಒಂದು ವರ್ಷವಾದರೂ ಬೇಕು. ಅದಕ್ಕೆ 4,80,000 ಗಂಟು ಬೇಕು. ಈಗಿನ ಉಳಿತಾಯದಲ್ಲಿ ಅಷ್ಟಾಗಲು 60 ತಿಂಗಳು. ಐದು ವರ್ಷ! ಇದನ್ನು ನೋಡಿದರೆ ಯಾರಿಗೂ ‘ಹಾಳಾಗಿ ಹೋಗಲಿ, ನಾಳೆನೇ ಬಿಡ್ತೀನಿ’ ಅನ್ನಿಸುತ್ತೆ.

ಆದರೆ ಸಾಲ ತೀರಿದ ಮೇಲೆ ಏನಾಗುತ್ತೆ ನೋಡಿ. ಖರ್ಚು 29,000ಕ್ಕೆ ಇಳಿಯುತ್ತೆ, ಉಳಿತಾಯ 19,000ಕ್ಕೆ ಏರುತ್ತೆ. ಒಂದು ವರ್ಷಕ್ಕೆ ಬೇಕಾದ ಗಂಟು 3,48,000 ಸಾಕು. ಬಾಕಿ 20 ಕಂತು ಕಟ್ಟುವಾಗಲೇ 1,60,000 ಕೂಡಿರುತ್ತೆ. ಉಳಿದ 1,88,000ಕ್ಕೆ ಇನ್ನು ಹತ್ತು ತಿಂಗಳು. ಒಟ್ಟು ಎರಡೂವರೆ ವರ್ಷ, ಅದೂ ಸಂಬಳ ಒಂದು ರೂಪಾಯಿಯೂ ಜಾಸ್ತಿಯಾಗದಿದ್ದರೆ. ಪಾಳಿ ಬದಲಿಸಿ ಸಂಬಳ ಇಳಿದರೆ ಇನ್ನೊಂದಿಷ್ಟು ತಿಂಗಳು ಸೇರಿಸಿಕೊಳ್ಳಿ. ಆಗ ನಿಮಗೆ 29. ರಂಗಭೂಮಿಗೆ ಅದೇನು ಮುದಿ ವಯಸ್ಸಲ್ಲ. ಅಷ್ಟು ದಿನವೂ ಸಂಜೆಗಳು ನಿಮ್ಮ ಕೈಯಲ್ಲೇ ಇರುತ್ತವೆ. ಹೊಸ ಫೋನಿನ ಇಎಂಐ ಮಾತ್ರ ಬೇಡ ಮಾರಾಯ್ರೆ, ಈ ಲೆಕ್ಕವೆಲ್ಲ ಕೆಡೋದು ಅಲ್ಲೇ.

ಕಂಪನಿಯ ಆರೋಗ್ಯ ವಿಮೆಯನ್ನೂ ಮರೆಯಬೇಡಿ. ಕೆಲಸ ಬಿಟ್ಟರೆ ಅದೂ ಹೋಗುತ್ತೆ. ಅಮ್ಮನ ಹೆಸರು ಅದರಲ್ಲಿದ್ದರೆ ಈಗಲೇ ಅವರಿಗೆ ಬೇರೆ ಪಾಲಿಸಿ ಮಾಡಿಸಿ. ಬಿಪಿ, ಶುಗರ್ ಮೊದಲೇ ಇದ್ದರೆ ಅದಕ್ಕೆ ಸಂಬಂಧಿಸಿದ ಕ್ಲೇಮಿಗೆ ಮೂರು ವರ್ಷದವರೆಗೂ ಕಾಯಿಸಬಹುದು, ಆದ್ದರಿಂದ ಬಿಡೋ ವಾರ ಮಾಡಿಸಿದರೆ ಆ ಕಾಯಿಲೆಗಳಿಗೆ ಕೂಡಲೇ ಪ್ರಯೋಜನವಾಗದೇ ಇರಬಹುದು.

ಇನ್ನೊಂದು ಮಾತು, ಇದನ್ನು ರಂಗಭೂಮಿಯ ಗೆಳೆಯರು ಕುಡಿದಾಗ ಮಾತ್ರ ಹೇಳುತ್ತಾರೆ. ಪೂರ್ತಿ ನಾಟಕದಲ್ಲಿರುವವರಲ್ಲೂ ಹೆಚ್ಚಿನವರು ಟಿಕೆಟ್ ದುಡ್ಡಿನಲ್ಲಿ ಬದುಕೋದಿಲ್ಲ. ಶಾಲೆಯಲ್ಲಿ ನಾಟಕದ ಪಾಠ, ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ, ಸೀರಿಯಲ್ಲಿನ ಮಾವನ ಪಾತ್ರ, ಡಬ್ಬಿಂಗ್, ಯಾರದೋ ನಾಟಕಕ್ಕೆ ಲೈಟು. ರಂಗಾಯಣದಂಥ ಸರ್ಕಾರಿ ನಾಟಕ ಸಂಸ್ಥೆಯಲ್ಲಿ ಸಂಬಳ ಉಂಟು, ಆದರೆ ಜಾಗ ಬಹಳ ಕಡಿಮೆ. ಅಂದರೆ ಒಂದು ಕೆಲಸ ಬಿಟ್ಟು ಐದು ಕೆಲಸ ಹಿಡಿಯುತ್ತೀರಿ. ಆ ಐದರಲ್ಲಿ ಎರಡಾದರೂ ನಿಮಗೆ ಇಷ್ಟವಾಗುತ್ತಾ? ಮಕ್ಕಳಿಗೆ ಕಲಿಸುವ ತಾಳ್ಮೆ ಇದೆಯಾ? ಲೈಟ್ ಕಟ್ಟಲು ಏಣಿ ಹತ್ತುತ್ತೀರಾ? ಇದನ್ನು ಈಗಲೇ, ವಾರದ ರಜೆಯಲ್ಲಿ ಮಾಡಿ ನೋಡಬಹುದು. ಬರೀ ಹೀರೋ ಪಾರ್ಟು ಬೇಕು ಅನ್ನೋದಾದರೆ ನೌಕರಿಯಲ್ಲಿದ್ದುಕೊಂಡೇ ಮಾಡಿ, ನಿಮಗೂ ತಂಡಕ್ಕೂ ಒಳ್ಳೇದು.

ಗಂಟು ಕೂಡಿದ ಮೇಲೂ ಆಸೆ ಹಾಗೇ ಇದ್ದರೆ ತರಬೇತಿಗೆ ಹೋಗಿ. ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಕೋರ್ಸು ಮೂರು ವರ್ಷದ್ದು, ಹೆಗ್ಗೋಡಿನದು ಒಂದು ವರ್ಷದೊಳಗೆ ಮುಗಿಯುತ್ತೆ. ಗಂಟು ಸಾಲುವುದೂ ಅಷ್ಟಕ್ಕೇ.

ಅಮ್ಮನ ಜೊತೆ ಮಾತಾಡುವಾಗ ‘ನನ್ನ ಕನಸು’ ಅಂತ ಶುರು ಮಾಡಬೇಡಿ. ಅವರಿಗೆ ಹೆದರಿಕೆ ಇರೋದು ಕಂತಿನ ಬಗ್ಗೆ, ಊರಿಗೆ ಬರುವ 8,000ದ ಬಗ್ಗೆ. ಮೇಲಿನ ಲೆಕ್ಕದಲ್ಲಿ ಆ 8,000 ಒಂದು ತಿಂಗಳೂ ನಿಂತಿಲ್ಲ, ಅದನ್ನು ಮೊದಲು ತೋರಿಸಿ.