ನೀರಲ್ಲಿ ಮುಳುಗಿದ ಜೀಪಿಗೆ ಒಮ್ಮೆ ಸೆಲ್ಫ್ ಹೊಡೆದು ನೋಡಬಹುದಾ?

ಪ್ರಶ್ನೆ: ಹೊಳೆ ದಾಟುವಾಗ ನಮ್ಮ ಡೀಸೆಲ್ ಜೀಪ್ ಗುಂಡಿಗೆ ಇಳಿದು ಬಾನೆಟ್ ಮುಳುಗಿತು, ಎಂಜಿನ್ ಆಫ್ ಆಯಿತು. ಈಗ ದಡಕ್ಕೆ ಎಳೆದು ಹಾಕಿದ್ದೇವೆ. ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಅಂತ ಜೊತೆಯವರು ಅನ್ನುತ್ತಿದ್ದಾರೆ. ನೋಡಬಹುದಾ?

ಬೇಡ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಮಿಕ್ಕಿದ್ದೆಲ್ಲ ಆಮೇಲೆ.

ಎಂಜಿನ್ ನೀರಲ್ಲಿ ಮುಳುಗಿದ ಮಾತ್ರಕ್ಕೆ ಕೆಡುವುದು ಕಡಿಮೆ. ಒಳಗೆ ನೀರು ಇರುವಾಗ ತಿರುಗಿಸಿದರೆ ಕೆಡುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. 2 ಲೀಟರ್‌ನ, 4 ಸಿಲಿಂಡರ್‌ನ ಡೀಸೆಲ್ ಎಂಜಿನ್ ತಗೊಳ್ಳಿ. ಒಂದೊಂದು ಸಿಲಿಂಡರ್‌ನ ಪಾಲಿಗೆ 500 ಮಿಲಿ ಲೀಟರ್. ಕಂಪ್ರೆಷನ್ ರೇಶಿಯೋ (ಸಿಲಿಂಡರ್ ಒಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವ ಲೆಕ್ಕ) 17:1 ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 31 ಮಿಲಿ ಅಷ್ಟೇ. ಅಂದರೆ ಎರಡು ದೊಡ್ಡ ಚಮಚ ನೀರು! ಅದಕ್ಕಿಂತ ಜಾಸ್ತಿ ನೀರು ಇದ್ದರೆ ಪಿಸ್ಟನ್ ಮೇಲೆ ಬರಲಾರದು. ಸ್ಟಾರ್ಟರ್ ಬಿಡದೆ ತಳ್ಳಿದರೆ ಪಿಸ್ಟನ್ ಅನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು. ಪೆಟ್ರೋಲ್ ಎಂಜಿನ್‌ನಲ್ಲಿ ಈ ಜಾಗ ಸ್ವಲ್ಪ ದೊಡ್ಡದು, ಆದರೆ ಕಥೆ ಅದೇ.

ಹಾಗಾಗಿ ಎಂಜಿನ್ ಹೇಗೆ ನಿಂತಿತು ಅನ್ನುವುದನ್ನು ನೆನಪು ಮಾಡಿಕೊಳ್ಳಿ. ನೀರು ಏರುವುದನ್ನು ಕಂಡು ನೀವೇ ಆಫ್ ಮಾಡಿದ್ದರೆ ಎಂಜಿನ್ ಉಳಿದಿರುವ ಸಾಧ್ಯತೆ ಹೆಚ್ಚು. ಆಕ್ಸಿಲರೇಟರ್ ಒತ್ತಿ ಹಿಡಿದಿದ್ದಾಗ ಧಡ್ ಅಂತ ನಿಂತಿದ್ದರೆ ರಾಡ್ ಆಗಲೇ ಬಾಗಿರಬಹುದು.

ಗಾಡಿ ಇನ್ನೂ ನೀರಲ್ಲೇ ಇದ್ದರೆ, ಎಳೆಯುವ ಮೊದಲು ನ್ಯೂಟ್ರಲ್‌ಗೆ ಹಾಕಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಗೇರ್‌ನಲ್ಲಿಟ್ಟು ಎಳೆದರೆ ಚಕ್ರ ತಿರುಗುತ್ತದೆ, ಚಕ್ರದ ಜೊತೆ ಎಂಜಿನ್ನೂ ತಿರುಗುತ್ತದೆ. ಸೆಲ್ಫ್ ಹೊಡೆದಂತೆಯೇ ಆಯಿತು, ಅಲ್ವಾ? ತಳ್ಳಿ ಸ್ಟಾರ್ಟ್ ಮಾಡುವುದೂ ಇದೇ ಕಾರಣಕ್ಕೆ ಬೇಡ. ಹಗ್ಗವನ್ನು ಚಾಸಿಗೆ ಬಿಗಿದ ಗಟ್ಟಿ ಹುಕ್ಕಿಗೇ ಹಾಕಿ. ಟ್ರೇಲರ್ ಕಟ್ಟುವ ಟೋ ಬಾಲ್‌ಗೆ ಹಾಕಿದರೆ ಅದು ಮುರಿದು ಬಂದೂಕಿನ ಗುಂಡಿನಂತೆ ಹಾರಿಬರಬಹುದು, ಜೀವವೇ ಹೋಗಬಹುದು. ಎಳೆಯುವುದೂ ನಿಧಾನವಾಗಿರಲಿ. ಒಳಗೆ ತುಂಬಿದ ಒಂದು ಘನ ಮೀಟರ್ ನೀರೇ 1000 ಕೆಜಿ ತೂಗುತ್ತದೆ. ಅದು ಸೋರಿಹೋಗಲು ಸಮಯ ಕೊಡಿ.

ದಡಕ್ಕೆ ಬಂದ ಮೇಲೆ ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಫಿಲ್ಟರ್ ಮತ್ತು ಅದರಾಚೆಯ ಪೈಪು ಎರಡೂ ಒಣಗಿದ್ದರೆ ಆ ದಾರಿಯಲ್ಲಿ ನೀರು ಎಂಜಿನ್‌ಗೆ ಹೋಗಿಲ್ಲ. ಒದ್ದೆ ಇದ್ದರೆ ಹೋಗಿದೆ ಅಂತಲೇ ತಿಳಿಯಿರಿ. ಟರ್ಬೊ ಇದ್ದರೆ ಇಂಟರ್‌ಕೂಲರ್‌ನ (ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಭಾಗ) ಕೆಳಗಿನ ಪೈಪು ಬಿಚ್ಚಿ ನೀರು ಬಸಿಯಿರಿ. ಇಲ್ಲದಿದ್ದರೆ ಆಮೇಲೆ ಸ್ಟಾರ್ಟ್ ಮಾಡಿದಾಗ ಅಲ್ಲಿ ನಿಂತ ನೀರೆಲ್ಲ ಒಂದೇ ಗುಟುಕಿಗೆ ಎಂಜಿನ್ ಒಳಗೆ ಹೋಗುತ್ತದೆ.

ಈಗ ಗ್ಲೋ ಪ್ಲಗ್‌ಗಳನ್ನು (ತಣ್ಣಗಿನ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಪ್ಲಗ್) ಬಿಚ್ಚಿ. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ಅನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಸರಾಗವಾಗಿ ತಿರುಗಿದರೆ ಮಾತ್ರ ಮುಂದಿನ ಹೆಜ್ಜೆ. ಡೀಸೆಲ್ ಅಥವಾ ಇಗ್ನಿಷನ್ ಕಟ್ ಮಾಡಿ, ಬ್ಯಾಟರಿ ಜೋಡಿಸಿ, ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ. ತೂತುಗಳಿಂದ ನೀರು ಜೋರಾಗಿ ಚಿಮ್ಮುತ್ತದೆ, ಮುಖ ಹತ್ತಿರ ತರಬೇಡಿ. ನೀರು ಬರುವುದು ನಿಂತ ಮೇಲೆ ಒಂದೊಂದು ಸಿಲಿಂಡರ್‌ಗೂ ಕೊಂಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ.

ಈ ಕೆಲಸವನ್ನು ವಾರಗಟ್ಟಲೆ ಮುಂದೂಡಬೇಡಿ. ಸ್ಟಾರ್ಟ್ ಮಾಡಲು ಅವಸರ ಬೇಡ ಅಂದೆ, ನೀರು ತೆಗೆಯಲು ಅವಸರ ಬೇಕೇ ಬೇಕು. ಸಿಲಿಂಡರ್ ಗೋಡೆ ಬೇಗ ತುಕ್ಕು ಹಿಡಿಯುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲ್‌ಗೆ ಅಂಟಿಕೊಂಡುಬಿಡುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ನೋಡಲೇಬೇಕು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದರೆ, ಅಥವಾ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರಿದೆ. ಅಂಥ ಆಯಿಲ್ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ಫಿಲ್ಟರ್ ಸಮೇತ ಬದಲಿಸಿ, ಕೆಲವು ನಿಮಿಷ ಓಡಿಸಿ, ಮತ್ತೆ ಬದಲಿಸಿ. ಮೊದಲ ಸಲಕ್ಕೆ ದುಬಾರಿ ಆಯಿಲ್ ಬೇಡ, ಹೇಗೂ ಚೆಲ್ಲುವುದೇ. ಡೀಸೆಲ್ ಟ್ಯಾಂಕಿಗೂ ಬ್ರೀದರ್ (ಗಾಳಿಯಾಡುವ ಕಿಂಡಿ) ಮೂಲಕ ನೀರು ಇಳಿದಿರಬಹುದು. ಫ್ಯೂಯಲ್ ಫಿಲ್ಟರ್‌ನ ತಳದ ನೀರು ಬಸಿದು ನೋಡಿ. ಕಾಮನ್ ರೈಲ್ (ತುಂಬಾ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಎಂಜಿನ್‌ನ ಪಂಪು, ಇಂಜೆಕ್ಟರ್‌ಗಳಿಗೆ ನೀರು ಸ್ವಲ್ಪವೂ ಆಗಿಬರುವುದಿಲ್ಲ. ಅವುಗಳನ್ನು ನೀವೇ ಬಿಚ್ಚಲು ಹೋಗಬೇಡಿ, ಮೆಕ್ಯಾನಿಕ್‌ಗೆ ಬಿಡಿ.

ಎಂಜಿನ್ ಸ್ಟಾರ್ಟ್ ಆಯಿತು ಅಂದರೆ ಎಲ್ಲ ಸರಿ ಇದೆ ಅಂತಲ್ಲ. ಕೊಂಚ ಬಾಗಿದ ರಾಡ್‌ನಲ್ಲೂ ಎಂಜಿನ್ ಓಡುತ್ತದೆ. ಒಂದು ಸಿಲಿಂಡರ್ ಮಾತ್ರ ಹಿಂದೆ ಬಿದ್ದಂತೆ ಅನ್ನಿಸುತ್ತದೆ, ಸ್ವಲ್ಪ ಅದುರುತ್ತದೆ. ಮುಂದೊಂದು ದಿನ ರಾಡ್ ಮುರಿದು ಬ್ಲಾಕ್ ಒಡೆದು ಹೊರಬರಬಹುದು. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಬಾಗಿದ ರಾಡ್ ಗಿಡ್ಡವಾಗುವುದರಿಂದ ಪಿಸ್ಟನ್ ಮೇಲಿನವರೆಗೆ ಬರುವುದಿಲ್ಲ, ಆ ಸಿಲಿಂಡರ್‌ನ ಒತ್ತಡ ಉಳಿದವಕ್ಕಿಂತ ಕಡಿಮೆ ತೋರಿಸುತ್ತದೆ.

ಎಂಜಿನ್ ಗಲಾಟೆಯಲ್ಲಿ ಆಕ್ಸಲ್‌ಗಳನ್ನು ಮರೆಯುವವರೇ ಜಾಸ್ತಿ. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್‌ಗಳ ಡಬ್ಬಿ) ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಅಥವಾ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಎರಡೂ ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿ), ಎಲ್ಲದರ ಆಯಿಲ್ ನೋಡಿಸಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ನೀರು ಹೋಗಿದ್ದರೆ ಓಡಿಸಲೇಬೇಡಿ. ಕ್ಲಚ್ ಲೈನಿಂಗ್‌ನ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ. ವೀಲ್ ಬೇರಿಂಗ್‌ನ ಗ್ರೀಸ್, ಬ್ರೇಕ್, ಆಲ್ಟರ್ನೇಟರ್ ಕೂಡ ಕೆಸರು ತೆಗೆದು ನೋಡಬೇಕಾದವೇ.

ಒಳಗಡೆ ಸೀಟು ಬಿಚ್ಚಿ, ಕಾರ್ಪೆಟ್ ಪೂರ್ತಿ ಎತ್ತಿ. ಮೇಲೆ ಒಣಗಿದಂತೆ ಕಂಡರೂ ಅದರಡಿಯ ಫೋಮ್ ನೀರು ಹಿಡಿದಿಟ್ಟುಕೊಂಡಿರುತ್ತದೆ. ಕೆಲವು ಗಾಡಿಗಳಲ್ಲಿ ವೈರ್ ಕನೆಕ್ಟರ್‌ಗಳು, ಕಂಟ್ರೋಲ್ ಬಾಕ್ಸ್‌ಗಳು ಅಲ್ಲೇ ಇರುತ್ತವೆ. ಬ್ಯಾಟರಿ ಬಿಚ್ಚಿಟ್ಟೇ ಅವುಗಳನ್ನು ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಏರ್‌ಬ್ಯಾಗ್‌ಗೆ ಸೇರಿದ ಯಾವುದನ್ನೂ ಮುಟ್ಟಬೇಡಿ.

ಇದೆಲ್ಲ ಹೊಳೆಯ ನೀರಿನ ಮಾತು. ಸಮುದ್ರದ ನೀರಾದರೆ ಮೊದಲು ಸಿಹಿನೀರಲ್ಲಿ ಚಾಸಿ, ವೈರಿಂಗ್ ಎಲ್ಲ ಚೆನ್ನಾಗಿ ತೊಳೆಯಬೇಕು. ಉಪ್ಪು ಒಣಗಿ ಕೂತರೆ ಕನೆಕ್ಟರ್‌ಗಳು ಒಂದೊಂದಾಗಿ ತಿಂಗಳುಗಟ್ಟಲೆ ಕೈಕೊಡುತ್ತಲೇ ಇರುತ್ತವೆ. ಹೊಸ ಗಾಡಿ ಪೂರ್ತಿ ಉಪ್ಪುನೀರಲ್ಲಿ ಮುಳುಗಿದ್ದರೆ, ರಿಪೇರಿಗೆ ಹಣ ಸುರಿಯುವ ಮೊದಲು ಇನ್ಶೂರೆನ್ಸ್‌ನವರ ಹತ್ತಿರ ಮಾತಾಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.