ಚಾಂಪಿಯನ್ ಆದರೂ ಬಡ್ತಿಯಿಲ್ಲ: ಸ್ಪೇನ್‌ನಿಂದ ಬೆಂಗಳೂರಿನವರೆಗೆ ‘ಬಿ’ ತಂಡಗಳ ದಾರಿ

1980ರ ಜೂನ್ 4. ಮ್ಯಾಡ್ರಿಡ್‌ನ ಬರ್ನಬ್ಯೂ ಕ್ರೀಡಾಂಗಣದಲ್ಲಿ ಸ್ಪೇನ್‌ನ ನಾಕೌಟ್ ಫುಟ್‌ಬಾಲ್ ಟೂರ್ನಿ ಕೋಪಾ ಡೆಲ್ ರೇಯ ಫೈನಲ್. ಒಂದು ಕಡೆ ರಿಯಲ್ ಮ್ಯಾಡ್ರಿಡ್, ಎದುರಿಗೆ ಅದೇ ಕ್ಲಬ್ಬಿನ ಮೀಸಲು ತಂಡ, ಅಂದರೆ ‘ಬಿ’ ತಂಡವಾದ ಕಾಸ್ಟಿಯಾ. ಎರಡನೇ ಡಿವಿಷನ್‌ನಲ್ಲಿದ್ದ ಈ ಹುಡುಗರು ಫೈನಲ್‌ಗೆ ಬರುವಷ್ಟರಲ್ಲಿ ಅಥ್ಲೆಟಿಕ್ ಬಿಲ್ಬಾವೊ, ರಿಯಲ್ ಸೊಸಿಯೆದಾದ್ ಸೇರಿದಂತೆ ಮೊದಲ ಡಿವಿಷನ್‌ನ ನಾಲ್ಕು ತಂಡಗಳನ್ನು ಮನೆಗೆ ಕಳಿಸಿದ್ದರು. ಫೈನಲ್‌ನಲ್ಲಿ ಅಣ್ಣಂದಿರು 6–1ರಿಂದ ಗೆದ್ದರು. ಆದರೆ ಲೀಗನ್ನೂ ಗೆದ್ದಿದ್ದ ರಿಯಲ್ ಲೀಗ್ ಚಾಂಪಿಯನ್ನರ ಯುರೋಪಿಯನ್ ಕಪ್‌ಗೆ ಹೋದದ್ದರಿಂದ, ಯುರೋಪಿನ ದೇಶಗಳ ಕಪ್ ವಿಜೇತರು ಆಡುವ ಕಪ್ ವಿನ್ನರ್ಸ್ ಕಪ್‌ನ ಜಾಗ ಕಾಸ್ಟಿಯಾಕ್ಕೆ ದಕ್ಕಿತು. ಅಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ತಂಡವನ್ನು ಮೊದಲ ಪಂದ್ಯದಲ್ಲಿ 3–1ರಿಂದ ಸೋಲಿಸಿ, ಲಂಡನ್ನಿನಲ್ಲಿ ಪ್ರೇಕ್ಷಕರಿಲ್ಲದೆ ನಡೆದ ಎರಡನೇ ಪಂದ್ಯದಲ್ಲಿ ಹೆಚ್ಚುವರಿ ಸಮಯದ ನಂತರ 5–1ರಿಂದ ಸೋತಿತು.

ಒಂದು ಕ್ಲಬ್ಬಿನ ಎರಡನೇ ತಂಡ ಇಷ್ಟು ಎತ್ತರಕ್ಕೆ ಹೋಗಬಹುದೇ? ಹೋದರೆ ಸರಿಯೇ? ಮೀಸಲು ತಂಡಗಳ ಕುರಿತ ಜಗಳ ಇವತ್ತಿಗೂ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಇಂಗ್ಲೆಂಡಿನಲ್ಲಿ ಮೀಸಲು ತಂಡಗಳು ತಮ್ಮತಮ್ಮಲ್ಲೇ ಬೇರೆ ಲೀಗ್ ಆಡಿಕೊಂಡು ಬಂದವು. ಸ್ಪೇನ್ ಅವನ್ನು ಊರಿನ ಕ್ಲಬ್ಬುಗಳ ಜೊತೆಗೇ ಒಂದೇ ಏಣಿಗೆ ಹತ್ತಿಸಿತು. ಹದಿನೆಂಟರ ಹುಡುಗ ಪ್ರತಿ ವಾರ ಮೂವತ್ತು ದಾಟಿದ, ಸಂಬಳಕ್ಕಾಗಿ ಆಡುವ ಡಿಫೆಂಡರ್‌ಗೆ ಎದೆ ಕೊಟ್ಟು ಆಡಬೇಕು. ಆಟ ಪಕ್ವವಾಗುವುದು ಅಲ್ಲಿ. ಇದರ ಜೊತೆಗೆ ಒಂದು ಕಟ್ಟುಪಾಡೂ ಬಂತು: ಮೀಸಲು ತಂಡ ಮೊದಲ ತಂಡವಿರುವ ಡಿವಿಷನ್‌ಗೆ ಏರುವಂತಿಲ್ಲ.

ಆ ನಿಯಮದ ಬಿಸಿ ಅತಿ ಹೆಚ್ಚು ತಟ್ಟಿದ್ದು 1983–84ರಲ್ಲಿ. ಮುಂದೆ ರಿಯಲ್‌ನ ತಾರೆಯಾದ ಬುತ್ರಗೇನ್ಯೊ ಮತ್ತವರ ಸಂಗಡಿಗರಿದ್ದ ಕಾಸ್ಟಿಯಾ ಎರಡನೇ ಡಿವಿಷನ್‌ನ ಚಾಂಪಿಯನ್ ಆಯಿತು. ಎರಡನೇ ಸ್ಥಾನಕ್ಕೆ ಬಂದದ್ದೂ ಮೀಸಲು ತಂಡವೇ, ಬಿಲ್ಬಾವೊದ್ದು. ಬಡ್ತಿ ಸಿಕ್ಕಿದ್ದು ಮೂರು, ನಾಲ್ಕು, ಐದನೇ ಸ್ಥಾನದ ತಂಡಗಳಿಗೆ.

ಬಳಿಕ ಕಟ್ಟುಪಾಡು ಬಿಗಿಯಾಗುತ್ತಲೇ ಹೋಯಿತು. 1990–91ರಿಂದ ಕೋಪಾದ ಬಾಗಿಲು ಮೀಸಲು ತಂಡಗಳಿಗೆ ಮುಚ್ಚಿತು. 1980ರ ಫೈನಲ್ ಇನ್ನೆಂದೂ ಮರುಕಳಿಸದು. ಮೊದಲ ತಂಡ ಜಾರಿದರೆ ಮೀಸಲು ತಂಡವೂ ಕೆಳಗಿಳಿಯಬೇಕು: 2012ರಲ್ಲಿ ವಿಯಾರಿಯಾಲ್ ಮೊದಲ ಡಿವಿಷನ್‌ನಿಂದ ಬಿದ್ದಾಗ, ಅದರ ಬಿ ತಂಡ ತಾನು ಉಳಿಸಿಕೊಂಡಿದ್ದ ಎರಡನೇ ಡಿವಿಷನ್ ಜಾಗವನ್ನು ಬಿಟ್ಟುಕೊಡಬೇಕಾಯಿತು. ಆ ಹುಡುಗರ ಮಟ್ಟಿಗೆ ಇದು ಕ್ರೂರ, ನಿಜ. ಆದರೂ ಈ ಮಿತಿ ಬೇಕೇ ಬೇಕು. ಒಬ್ಬರೇ ಒಡೆಯರ ಎರಡು ತಂಡಗಳು ಒಂದೇ ಡಿವಿಷನ್‌ನಲ್ಲಿ ಆಡಿದರೆ ಫಲಿತಾಂಶವನ್ನು ಯಾರು ನಂಬುತ್ತಾರೆ?

ವ್ಯವಸ್ಥೆಯ ಫಲ ಏನೆಂದು ಬಾರ್ಸಿಲೋನಾ ತೋರಿಸಿತು. 2007ರಲ್ಲಿ ಅದರ ಬಿ ತಂಡ ನಾಲ್ಕನೇ ದರ್ಜೆಗೆ ಬಿದ್ದಿತ್ತು. ಹೊಸ ಕೋಚ್ ಆಗಿ ಬಂದವರು ಪೆಪ್ ಗ್ವಾರ್ಡಿಯೋಲ. ಒಂದೇ ಋತುವಿನಲ್ಲಿ ತಂಡ ಮತ್ತೆ ಮೇಲೇರಿತು. ಅಲ್ಲಿ ಸಣ್ಣ ಊರುಗಳ ಮೈದಾನಗಳಲ್ಲಿ ಆಡಿದ ಬುಸ್ಕೆಟ್ಸ್ ಮತ್ತು ಪೆದ್ರೊ 2010ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ಪರ ಮೊದಲ ಹನ್ನೊಂದರಲ್ಲಿದ್ದರು.

ಇದರ ಬೆಲೆ ತೆರುವವರು ಬೇರೆಯವರು. ಮೀಸಲು ತಂಡಕ್ಕೆ ಸಿಕ್ಕ ಒಂದೊಂದು ಜಾಗವೂ ಯಾವುದೋ ಊರಿನ ಕ್ಲಬ್ಬಿಗೆ ಸಿಗದೆ ಹೋದ ಜಾಗ. 2000ದಲ್ಲಿ ಲೀಗ್ ಗೆದ್ದಿದ್ದ ದೆಪೋರ್ತಿವೊ ಲಾ ಕೊರುನ್ಯಾ 2020ರಲ್ಲಿ ಮೂರನೇ ದರ್ಜೆಗೆ ಕುಸಿದಾಗ, ತನ್ನ ಬದ್ಧ ಎದುರಾಳಿ ಸೆಲ್ಟಾದ ಬಿ ತಂಡದ ಜೊತೆ ಒಂದೇ ಗುಂಪಿನಲ್ಲಿ ಆಡಬೇಕಾಯಿತು. ಆ ಅಭಿಮಾನಿಗಳ ಸಂಕಟ ಸಣ್ಣದಲ್ಲ. ಇಂಗ್ಲೆಂಡಿನ ಸಣ್ಣ ಕ್ಲಬ್ಬುಗಳ ಬೆಂಬಲಿಗರು ಹೆದರಿದ್ದೂ ಇದಕ್ಕೇ. 2014ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಗ್ರೆಗ್ ಡೈಕ್ ಅವರ ಆಯೋಗ ಬಿ ತಂಡಗಳಿಗೂ ಜಾಗವಿರುವ ಹೊಸ ಡಿವಿಷನ್ ಸೂಚಿಸಿದಾಗ ವಿರೋಧ ಭುಗಿಲೆದ್ದು ಯೋಜನೆ ಬಿದ್ದುಹೋಯಿತು. 2016ರಲ್ಲಿ ಕೆಳ ಡಿವಿಷನ್‌ಗಳ ಕ್ಲಬ್ಬುಗಳ ಕಪ್ ಟೂರ್ನಿಯಾದ ಇಎಫ್‌ಎಲ್ ಟ್ರೋಫಿಗೆ ಮಾತ್ರ ದೊಡ್ಡ ಕ್ಲಬ್ಬುಗಳ ಯುವ ತಂಡಗಳನ್ನು ಸೇರಿಸಿಕೊಂಡರು. ಅದನ್ನೂ ಬಹಳಷ್ಟು ಅಭಿಮಾನಿಗಳು ಬಹಿಷ್ಕರಿಸಿದರು.

ನಮ್ಮಲ್ಲಿ ಈ ಪ್ರಶ್ನೆ ಬಂದದ್ದು ತಡವಾಗಿ. 2017–18ರಲ್ಲಿ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನ ಎರಡನೇ ಡಿವಿಷನ್‌ನಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಸೇರಿದಂತೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್ಬುಗಳ ಮೀಸಲು ತಂಡಗಳು ಆಡಿದವು, ಬಡ್ತಿಯ ಹಕ್ಕಿಲ್ಲದೆ. ಅದೇ ವರ್ಷ ಬಡ್ತಿ ಪಡೆದದ್ದು ರಿಯಲ್ ಕಾಶ್ಮೀರ್. ಅವರು ಗೆದ್ದ ಅಂತಿಮ ಸುತ್ತು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಬಿಎಫ್‌ಸಿಯ ಹುಡುಗರು ನಗರದ ಲೀಗ್ ಆದ ಸೂಪರ್ ಡಿವಿಷನ್‌ಗೂ ಇಳಿದರು, 2018–19ರಲ್ಲಿ ಅದನ್ನು ಗೆದ್ದರು. 2021ರ ಡ್ಯುರಾಂಡ್ ಕಪ್‌ನಲ್ಲಿ ಹೆಚ್ಚಾಗಿ ಹುಡುಗರೇ ತುಂಬಿದ್ದ ತಂಡ ಸೆಮಿಫೈನಲ್ ತಲುಪಿ, ಎಫ್‌ಸಿ ಗೋವಾಕ್ಕೆ ಪೆನಾಲ್ಟಿಯಲ್ಲಿ ಸೋತಿತು. ಮೀಸಲು ತಂಡದಿಂದ ಬಂದ ರೋಶನ್ ಸಿಂಗ್ 2021–22ರ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರರಾದರು. ಮರುವರ್ಷದ ಡ್ಯುರಾಂಡ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಹೊಡೆದದ್ದೂ ಈ ದಾರಿಯಲ್ಲೇ ಬೆಳೆದ ಶಿವಶಕ್ತಿ.

ಬೆಂಗಳೂರಿನ ಲೀಗ್‌ಗೆ ಇಂಥ ತಂಡ ಬೇಕು ಎಂದೇ ನನ್ನ ನಂಬಿಕೆ. ಎಚ್‌ಎಎಲ್, ಎಂಇಜಿಯಂಥ ಹಳೆಯ ತಂಡಗಳ ಗಟ್ಟಿ ಆಟಗಾರರ ಎದುರು ಆಡಿದಾಗ ಕಲಿಯುವುದನ್ನು ವಯೋಮಿತಿಯ ಟೂರ್ನಿ ಕಲಿಸಲಾರದು. ಆದರೆ ಬಿ ತಂಡಕ್ಕೆ ಜಾಗ ಮಾಡುವಾಗ ಆ ಹಳೆಯ ಕ್ಲಬ್ಬುಗಳಲ್ಲಿ ಒಂದನ್ನು ಕೆಳಗೆ ದೂಡಬಾರದು. ಡಿವಿಷನ್‌ನಲ್ಲಿ ಒಂದು ಸ್ಥಾನ ಹೆಚ್ಚಿಸಿ ಕೊಡಲಿ, ಬಡ್ತಿ ಮತ್ತು ಹಿಂಬಡ್ತಿಯ ಲೆಕ್ಕ ಊರಿನ ಕ್ಲಬ್ಬುಗಳ ನಡುವೆಯೇ ಇರಲಿ.